ನಿಂಗಮ್ಮನ ಬಾಣಂತನಕ್ಕೆಂದು ಒಡೆದ ಸೌದೆ

ಅತ್ತೆ,

ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿ ಬಂದಾಗಿನಿಂದ ಒಂದೇ ಮನೆಯಲ್ಲಿ ಇದ್ದವರು ನಾವು. ಅಡುಗೆಮನೆಯಿಂದ ಕೂಗಿದರೆ ನಡುಮನೆಗೆ ಕೇಳುತ್ತಿತ್ತು, ಕಾಗದದ ಅಗತ್ಯ ಎಲ್ಲಿತ್ತು? ಈಗ ಕೂಗುವಂತಿಲ್ಲ. ಹೇಳದೆ ಇಟ್ಟುಕೊಳ್ಳುವುದಕ್ಕೂ ಆಗುತ್ತಿಲ್ಲ. ನೀವು ಹೋದ ಮೇಲೆ ಆ ಸೌದೆ ಏನಾಯಿತು, ನಿಂಗಮ್ಮನ ಬಾಣಂತನ ಹೇಗಾಯಿತು, ಇದನ್ನು ನಿಮಗೆ ಬೇರೆ ಯಾರೂ ಹೇಳುವುದಿಲ್ಲ. ನಾನೇ ಹೇಳಬೇಕು.

ಅವತ್ತು ಬೆಳಗಿನ ವಾಕಿಂಗ್ ಮುಗಿಸಿ ಬಂದವರು ನೀವು ಚಪ್ಪಲಿ ಕೂಡ ಬಿಡದೆ ಗೇಟಿನ ಬಳಿಯ ನಲ್ಲಿಯಲ್ಲಿ ಕಣ್ಣು ತೊಳೆದುಕೊಳ್ಳುತ್ತ ನಿಂತಿರಿ. ಧೂಳು ಬಿತ್ತೇನೋ ಎಂದುಕೊಂಡು ನಾನು ಟವೆಲ್ ತಂದೆ. ನಮ್ಮ ಹಿಂದಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿತ್ತಲ್ಲ, ಅದರ ಮಗ್ಗುಲಿನ ತಗಡಿನ ಶೆಡ್ಡುಗಳ ಹತ್ತಿರ ಒಬ್ಬ ಹೆಂಗಸಿನ ಜೊತೆ ಮಾತಾಡುತ್ತ ಕೂತಿದ್ದಿರಂತೆ. "ಪೇಂಟ್ ಹಚ್ಚಿದ ಹಲಗಿ ಸುಡ್ತಾರವಾ ಸುಮಾ. ಪ್ಲೈವುಡ್ಡು, ಸೆಂಟ್ರಿಂಗ್ ಹಲಗಿ, ಮೊಳಿ ಸಮೇತ. ಆ ಹೊಗಿಯಾಗ ಕುಂತು ರೊಟ್ಟಿ ಬಡೀತಾಳ. ಕಣ್ಣು ನೋಡಿದ್ರ ಕೆಂಡ ಆಗ್ಯಾವ" ಎಂದಿರಿ. ಗ್ಯಾಸ್ ತಗೊಳ್ಳಬಾರದಾ ಎಂದು ನಾನು ಕೇಳಿದೆ. ನೀವು ಟವೆಲ್ಲಿನಿಂದ ಮುಖ ತೆಗೆದು ನನ್ನನ್ನೇ ನೋಡಿದಿರಿ. "ವರ್ಷಕ್ಕ ಮೂರು ಕಡೆ ಶೆಡ್ಡು ಕಟ್ಟೋರಿಗೆ ಗ್ಯಾಸಿನೋರು ಯಾವ ಮನಿಗೆ ತಂದು ಕೊಡ್ತಾರ?" ಆ ಹೆಂಗಸೇ ನಿಂಗಮ್ಮ. ಯಾದಗಿರಿ ಕಡೆಯವಳು. ಗಂಡ ಹಣಮಂತ ಗಾರೆ ಕೆಲಸಕ್ಕೆ, ಇವಳು ಇಟ್ಟಿಗೆ ಹೊರುವುದಕ್ಕೆ. ದಾವಣಗೆರೆಯ ನಿಮ್ಮ ಮಾತು ಕೇಳಿ ಅವಳಿಗೆ ಊರಿನವರೇ ಸಿಕ್ಕ ಹಾಗೆ ಆಗಿರಬೇಕು. ಮೊದಲ ದಿನವೇ ನಿಮ್ಮನ್ನು 'ಯವ್ವಾ' ಎಂದಳಂತೆ.

ಅದಾದ ವಾರದಲ್ಲೇ ಬೇಸಿಗೆಯ ಗಾಳಿಮಳೆಗೆ ನಮ್ಮ ರಸ್ತೆಯ ಗುಲ್‌ಮೊಹರ್ ಮರ ಉರುಳಿತು. ಕಡಿದವರು ರಸ್ತೆ ಬಿಡಿಸಿಕೊಟ್ಟು, ದಿಮ್ಮಿಗಳನ್ನು ಫುಟ್‌ಪಾತಿನ ಮೇಲೆ ಉರುಳಿಸಿ ಹೋದರು. ಎಲ್ಲರೂ ಅವುಗಳನ್ನು ಸುತ್ತಿಕೊಂಡು ಓಡಾಡುತ್ತಿದ್ದರೆ ನೀವು ಮಾತ್ರ ಒಂದು ದಿಮ್ಮಿಯ ಮೇಲೆ ಕೈಯಿಟ್ಟು ನಿಂತಿದ್ದಿರಿ. ಎದುರು ಮನೆಯ ನಂಜೇಗೌಡರು ಕೊಡಲಿ ತಂದರು. ಈ ಲೇಔಟ್ ಆಗುವ ಮುಂಚೆ ಇಲ್ಲೆಲ್ಲ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ನಮ್ಮ ಮನೆ ಪಕ್ಕದ ಖಾಲಿ ಸೈಟು ಈಗಲೂ ಅವರದೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಮೇಲೆ ಅವರಿಗೂ ಕೈ ತುರಿಸುತ್ತಿತ್ತು. ಹಸಿ ಮರಕ್ಕೆ ಹಾಕಿದ ಮೊದಲ ಏಟಿಗೇ ಕೊಡಲಿ ಕಚ್ಚಿಕೊಂಡಿತು. ಕಾಲು ಕೊಟ್ಟು ಎಳೆದರು, ಬರಲಿಲ್ಲ.

"ಗೌಡ್ರೇ, ಕೊಡ್ಲಿ ಮರಕ್ಕೇ ದಾನ ಕೊಟ್ರೇನು?" ಎಂದಿರಿ ನೀವು.

"ನಗಬೇಡಿ ಕೊಟ್ರಮ್ಮೋರೇ. ವಯಸ್ಸಾಯ್ತಲ್ಲಾ."

"ಬಸ್ಸಿನ ಗಾಲಿ ಬಿಚ್ಚಾಕ ಇಡೀ ಬಸ್ಸನ್ನೇ ಎತ್ತುತಿದ್ರಲ್ಲ. ಬಸ್ಸೆತ್ತೋ ಜಾಕಿ ಒಂದು ದಿಮ್ಮಿ ಸೀಳಲ್ಲೇನು?"

ಗೌಡರು ಕೊಡಲಿ ಎಳೆಯುವುದನ್ನು ನಿಲ್ಲಿಸಿದರು. ಆಮೇಲೆ ಎರಡು ದಿನ ಅವರು ರಸ್ತೆಯಲ್ಲಿ ಕಾಣಿಸಲೇ ಇಲ್ಲ.

ಗೌಡರು ಸೌದೆ ಸೀಳುವ ಮೆಷಿನ್ನೊಂದನ್ನು ಮಾಡಿಸಿ, ಗ್ರಿಲ್ ಅಂಗಡಿಯಿಂದ ತಳ್ಳುಗಾಡಿಯಲ್ಲಿ ತಂದು ಸೈಟಿನಲ್ಲಿ ನಿಲ್ಲಿಸಿದ ಬೆಳಿಗ್ಗೆ ನಿಮ್ಮ ಮುಖ ನೋಡಬೇಕಿತ್ತು. ಎರಡು ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ, ಅದಕ್ಕೆ ತಲೆಕೆಳಗಾಗಿ ಬೆಸೆದ ಬೆಣೆ. ಬೆಣೆಗೆ ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಸಾಣೆ ಹಿಡಿಸಿದ್ದರು. ಕೆಳಗೆ ಜಾಕಿ, ಅದರ ಮೇಲೊಂದು ದಪ್ಪ ತಗಡು. ತಗಡಿನ ಮೇಲೆ ದಿಮ್ಮಿ ನಿಲ್ಲಿಸಿ ಜಾಕಿಯ ಹಿಡಿ ಒತ್ತುತ್ತ ಹೋದರೆ ದಿಮ್ಮಿ ಮೆಲ್ಲಗೆ ಮೇಲೇರಿ ಬೆಣೆಗೆ ತಲೆ ಕೊಡುತ್ತಿತ್ತು. ಜಾಕಿ ಮತ್ತೆ ಕೆಳಗಿಳಿಯಲೆಂದು ಎರಡು ಗೇಟಿನ ಸ್ಪ್ರಿಂಗ್ ಕಟ್ಟಿದ್ದರು. ಮೊದಲ ದಿಮ್ಮಿ ಕರಕರ ಎಂದು ಬಾಯಿ ಬಿಟ್ಟಾಗ ನೀವು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಿರಿ. ಆಮೇಲೆ ಭಾನುವಾರ ಬಂತೆಂದರೆ ಸೈಟಿನಲ್ಲಿ ಜನ. ಬಟ್ಟೆ ಹೊಲಿಯುವ ಲಲಿತಾ ಆಂಟಿ ಹಳೇ ಮಂಚದ ಕಾಲುಗಳಿಂದ ಮಾಡಿದ ಸ್ಟ್ಯಾಂಡಿನ ಮೇಲೆ ಕೊಂಬೆಗಳನ್ನಿಟ್ಟು ಗರಗಸ ಎಳೆಯುತ್ತಿದ್ದರು. ಆಚೆ ತುದಿಗೆ ಯಾರು ಸಿಕ್ಕರೆ ಅವರು. ಗೌಡರು ಜಾಕಿಗೆ. ನೀವು ಸೀಳುಗಳನ್ನು ಎತ್ತಿ ಎತ್ತಿ ಒಟ್ಟುವುದಕ್ಕೆ. ನಾನು ಕಾಫಿಗೆ. ನಾನು ಕಾಫಿಯ ತಟ್ಟೆ ಹಿಡಿದು ಎಷ್ಟು ಭಾನುವಾರ ಆ ಸೈಟಿನ ಅಂಚಿನಲ್ಲೇ ನಿಂತೆ ಅತ್ತೆ! ಒಳಗೆ ಬಂದು ಒಂದು ದಿಮ್ಮಿ ಎತ್ತಿದ್ದರೆ ನಿಮ್ಮ ಪಕ್ಕದಲ್ಲಿ ಅಷ್ಟು ಹೊತ್ತು...

ನಿಂಗಮ್ಮ ಸೌದೆಯ ಹೊರೆ ಹೊರಲು ಬಂದವಳು ಹೊರೆ ಕೆಳಗಿಟ್ಟು ಗೋಡೆಯ ಮರೆಗೆ ಓಡಿದ ದಿನವೂ ನಾನು ಅಲ್ಲೇ ಇದ್ದೆ. ವಾಂತಿ ಮಾಡಿ ಬಾಯಿ ಒರೆಸಿಕೊಂಡು ಬಂದವಳನ್ನು ನೀವು ಮೇಲಿನಿಂದ ಕೆಳಗೆ ನೋಡಿದಿರಿ.

"ಎಷ್ಟು ತಿಂಗ್ಳೇ?"

"ಮೂರ್ರೀ ಯವ್ವಾ."

"ಹೆರಿಗಿಗೆ ತವರಿಗೆ ಹೋಗ್ತೀಯೇನು?"

"ಅವ್ವ ಇಲ್ರೀ. ಸತ್ತು ಎರಡು ವರ್ಷಾತು. ಅಲ್ಲಿ ಹೋಗಿ ಯಾರ ಹತ್ರ ಇರ್ಲಿ?"

ನೀವು ಒಂದು ಕ್ಷಣವೂ ಯೋಚಿಸಲಿಲ್ಲ. "ಹಂಗಾದ್ರ ಇಲ್ಲೇ ಹಡಿ. ಬಾಣಂತನ ನಾ ಮಾಡ್ತೀನಿ" ಎಂದುಬಿಟ್ಟಿರಿ. ಅವಳು ನಿಮ್ಮ ಕಾಲು ಮುಟ್ಟಲು ಬಗ್ಗಿದರೆ, ಬಸುರಿ ಬಗ್ಗಬಾರದೆಂದು ಬೈದಿರಿ.

ಅವತ್ತಿನಿಂದ ಸೈಟಿನ ಮೂಲೆಯಲ್ಲಿ ಇನ್ನೊಂದು ಒಟ್ಟು ಎದ್ದಿತು. ನೇರಳೆ, ಸಿಲ್ವರ್ ಓಕ್, ಎಲ್ಲಿ ಒಳ್ಳೆಯ ಮರ ಬಿದ್ದರೂ ಅದರ ನೇರವಾದ ಸೀಳುಗಳೆಲ್ಲ ಆ ಮೂಲೆಗೆ. ಕೆಳಗೆ ಇಟ್ಟಿಗೆ, ಮೇಲೆ ತಗಡು, ಪಕ್ಕದಿಂದ ಗಾಳಿಯಾಡಲು ಸಂದು. "ಇದನ್ನ ಯಾರಿಗೂ ಕೊಡಂಗಿಲ್ಲ. ಕೂಸೂ ಸೌದಿನೂ ಒಟ್ಟಿಗೇ ತಯಾರಾಗ್ಲಿ" ಎಂದು ಗೌಡರಿಗೆ, ಆಂಟಿಗೆ, ನನಗೆ ಹೇಳಿದಿರಿ. ನಮ್ಮ ಗೀಸರಿನ ನೀರೇ ಕೊಟ್ಟರೆ ಆಗದೇ ಎಂದು ನಾನು ಕೇಳಿದ್ದೆ. ಬಾಣಂತಿಗೆ ಹಾಕುತ್ತಾ ಹಾಕುತ್ತಾ ನೀರು ಕಾಯಬೇಕು, ಬೆಂಕಿ ಪಕ್ಕದಲ್ಲೇ ಇರಬೇಕು, ಹೊತ್ತು ತರುವಷ್ಟರಲ್ಲಿ ಅರ್ಧ ಬಿಸಿ ಹೋಗುತ್ತದೆ ಎಂದಿರಿ. ನಿಂಗಮ್ಮನ ಹೊಟ್ಟೆ ಮುಂದಕ್ಕೆ ಬಂದಂತೆ ಸೌದೆಯ ಬಣ್ಣ ಬಿಳಿಚುತ್ತ ಹೋಯಿತು. ವಾರಕ್ಕೊಮ್ಮೆ ಎರಡು ಸೀಳು ತೆಗೆದು ಒಂದಕ್ಕೊಂದು ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಿರಿ. ಒಣಗಿದ ಸೌದೆ ಠಣ್ ಎನ್ನುತ್ತದೆ ಎಂದು ನನಗೂ ತಟ್ಟಿ ತೋರಿಸಿದಿರಿ.

ಆಸ್ಪತ್ರೆಯ ಆ ಮಧ್ಯಾಹ್ನ ನಿಮಗೆ ಉಸಿರಾಟ ಸ್ವಲ್ಪ ಹಗುರಾಗಿತ್ತು. ಎದೆನೋವು ಬಂದು ಸೇರಿಸಿದ ಮೇಲೆ ಮೊದಲ ಸಲ ನೀವು ಎರಡು ಚಮಚ ಗಂಜಿ ಕುಡಿದಿರಿ. ಮೊಮ್ಮಕ್ಕಳನ್ನು ಕೇಳುತ್ತೀರಿ, ಮಗನನ್ನು ಕೇಳುತ್ತೀರಿ ಎಂದು ನಾನು ಬಗ್ಗಿ ಕೂತಿದ್ದೆ.

"ಸುಮಾ, ಸೌದಿ ಮ್ಯಾಲೆ ತಗಡು ಐತಾ? ಮಳಿ ಬಂದಂಗಿತ್ತು."

"ಇದೆ ಅತ್ತೆ. ಗೌಡ್ರು ಕಲ್ಲು ಬೇರೆ ಇಟ್ಟಿದ್ದಾರೆ."

"ನಿಂಗಮ್ಮಗ ಹೇಳು..."

ಅಷ್ಟರಲ್ಲಿ ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು. ಮತ್ತೆ ಒಳಗೆ ಹೋದಾಗ ನೀವು ನಿದ್ದೆಯಲ್ಲಿದ್ದಿರಿ. ಏನು ಹೇಳಬೇಕಿತ್ತು ಅತ್ತೆ? ಈ ಆರೇಳು ತಿಂಗಳು ಅಡುಗೆ ಮಾಡುತ್ತ, ಬಟ್ಟೆ ಒಣಹಾಕುತ್ತ ಆ ಮಾತನ್ನು ನಾನೇ ಎಷ್ಟು ಥರ ಮುಗಿಸಿ ನೋಡಿದ್ದೇನೆ. ಯಾವುದೂ ನಿಮ್ಮ ಮಾತಿನ ಹಾಗೆ ಕೇಳಿಸುವುದಿಲ್ಲ.

ನಿಮ್ಮನ್ನು ಮಣ್ಣು ಮಾಡಿ ಬಂದ ಸಂಜೆ ಯಾರೋ ನೆಂಟರು, "ಈ ವಯಸ್ಸಿನಾಗ ಸೌದಿ ಒಡೆಯಾಕ ಹೋಗಿ ಎದಿ ಒಡಕೊಂಡ್ಲು" ಎಂದರು. ನಿಮ್ಮ ಮಗ ಕೇಳಿಸಿಕೊಂಡರು. ಮರುದಿನ ಗೌಡರ ಮನೆ ಬಾಗಿಲಿಗೆ ಹೋಗಿ, "ಸಾರ್, ದಯವಿಟ್ಟು ಆ ಮೆಷಿನ್ ಅಲ್ಲಿಂದ ತೆಗೆಸಿಬಿಡಿ, ನೋಡೋಕಾಗ್ತಿಲ್ಲ" ಎಂದರಂತೆ. ಗೌಡರು ಅದಕ್ಕೆ ಗೋಣಿಚೀಲ ಹೊದಿಸಿ ತಮ್ಮ ಕಾಂಪೌಂಡಿನೊಳಗೆ ಎಳೆದುಕೊಂಡರು. ಡಾಕ್ಟರು ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ, ಹೃದಯ ಮೊದಲಿಂದಲೇ ಸೋತಿತ್ತು ಎಂದು ಹೇಳಿದ್ದರು. ಆದರೆ ತಾಯಿಯನ್ನು ಕಳೆದುಕೊಂಡವರು ಡಾಕ್ಟರ ಮಾತು ಕೇಳುತ್ತಾರೆಯೇ? ಯಾವುದರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು ಅವರಿಗೆ. ನಾನೂ ಸುಮ್ಮನಿದ್ದೆ. ಮೂಲೆಯಲ್ಲಿದ್ದ ಒಟ್ಟು ಯಾರದೆಂದು ಅವರಿಗೆ ಗೊತ್ತೇ ಇರಲಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಸುಡುವ ಪದ್ಧತಿ ಇದ್ದಿದ್ದರೆ ಸೌದೆಯ ಮಾತು ಬರುತ್ತಿತ್ತೇನೋ, ನಾನು ಹೇಳುತ್ತಿದ್ದೆನೇನೋ. ನಿಮ್ಮನ್ನು ವಿಭೂತಿಯ ನಡುವೆ ಕೂರಿಸಿ ಮಣ್ಣಿಗೆ ಒಪ್ಪಿಸಿದೆವು. ಒಂದು ಕಡ್ಡಿ ಸೌದೆಯೂ ಬೇಕಾಗಲಿಲ್ಲ. ಅದರ ನೆನಪೇ ಬರಲಿಲ್ಲ.

ನಿಮ್ಮ ಶಿವಗಣಾರಾಧನೆಯ ದಿನ ಗೌಡರ ಸೈಟಿನಲ್ಲೇ ಶಾಮಿಯಾನ ಹಾಕಿಸಿದ್ದರು. ದಾವಣಗೆರೆಯಿಂದ ಎರಡು ವ್ಯಾನಿನ ತುಂಬ ಜನ. ಅಡುಗೆಯವರನ್ನೂ ಅಲ್ಲಿಂದಲೇ ಕರೆಸಿದ್ದರು. ಗೋಧಿ ಹುಗ್ಗಿ ಸೌದೆ ಒಲೆಯ ಮೇಲೇ ಆಗಬೇಕೆಂದು ಅವರು ಹಟ ಹಿಡಿದರಂತೆ. ನಾನೂ ಲಲಿತಾ ಆಂಟಿಯೂ ಒಳಗೆ ಪೂಜೆಯ ತಯಾರಿಯಲ್ಲಿದ್ದೆವು, ಗೌಡರು ಬಾಳೆಎಲೆ ತರಲು ಹೋಗಿದ್ದರು. ಬಡಿಸಲು ಹೊರಗೆ ಬಂದಾಗ ಮೊದಲ ಪಂಕ್ತಿ ಕೂತಿತ್ತು. ಶಾಮಿಯಾನದ ಹಿಂದೆ ಮೂರು ಒಲೆ ಧಗಧಗ ಉರಿಯುತ್ತಿದ್ದವು. ಹೊಗೆಯೇ ಇರಲಿಲ್ಲ, ಅಷ್ಟು ಒಣಗಿದ ಸೌದೆ. ಮೂಲೆಯ ಕಡೆ ನೋಡಿದರೆ ಇಟ್ಟಿಗೆಗಳು ಮಾತ್ರ, ಗೋಡೆಗೆ ಒರಗಿಸಿಟ್ಟ ತಗಡು. ನನ್ನ ಕೈಯಲ್ಲಿದ್ದ ಹುಗ್ಗಿಯ ಬಕೆಟ್ ಹಾಗೇ ನಿಂತಿತು. ನಿಮ್ಮ ಮಗ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಅಮ್ಮ ಒಡೆಸಿದ ಸೌದೆ. ಅಮ್ಮನ ಕೆಲಸಕ್ಕೇ ಆಗ್ಲಿ ಅಂತ ನಾನೇ ಕೊಟ್ಟೆ ಕಣೇ." ಅವರ ಕಣ್ಣು ತುಂಬಿತ್ತು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು, "ಎಂಥಾ ಪುಣ್ಯಾತ್ಮಳು ನೋಡ್ರಿ. ತನ್ನ ಊಟಕ್ಕ ತಾನೇ ಸೌದಿ ಕೂಡಿಟ್ಟು ಹೋದ್ಲು" ಎಂದರು. ಎಲ್ಲರೂ ತಲೆದೂಗಿದರು.

ಆ ಪಂಕ್ತಿಯ ಕೊನೆಯಲ್ಲಿ ನಿಂಗಮ್ಮ ಕೂತಿದ್ದಳು ಅತ್ತೆ. ತುಂಬಿದ ಹೊಟ್ಟೆ, ಕಾಲು ಮಡಚಲಾಗದೆ ಒಂದು ಕಾಲು ಚಾಚಿಕೊಂಡು. ಅವಳ ಎದುರಿಗೇ ಒಲೆ. ನಾನು ಬಡಿಸುತ್ತ ಬಂದು ಅವಳ ಎಲೆಯ ಮುಂದೆ ನಿಂತೆ. ಅವಳು ಬೆಂಕಿಯನ್ನು ನೋಡುತ್ತಿದ್ದವಳು ತಿರುಗಿ, "ಸಾಕ್ರೀ ಅಕ್ಕಾ, ಇಷ್ಟ ಹಾಕ್ರಿ" ಎಂದಳು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು. ಹೋಗುವಾಗ ನಿಮ್ಮ ಫೋಟೋಕ್ಕೆ ಕೈ ಮುಗಿದು ಹೋದಳು. ಅವಳು ಕೂಗಾಡಿದ್ದರೆ, ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತೇನೋ.

ಅವತ್ತು ನೆಂಟರೆಲ್ಲ ಹೊರಟ ಮೇಲೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಅವರು ಬೂದಿಯಾದ ಒಲೆಗಳ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತರು. "ಒಂದು ಮಾತು ಹೇಳಬಾರದಿತ್ತಾ ಸುಮಾ?" ಎಂದರು. ಬೈಯುವ ದನಿಯಲ್ಲಿ ಅಲ್ಲ. ಒಂದೇ ಒಂದು ಮಾತು. ಹತ್ತು ದಿನ ಮನೆಯ ತುಂಬ ಮಾತೇ ಆಡಿದ್ದೆವು. ಹೂವಿನವನಿಗೆ, ಶಾಮಿಯಾನದವನಿಗೆ, ಬಂದವರಿಗೆ, ಹೋದವರಿಗೆ.

ನಿಂಗಮ್ಮ ಹೆರಿಗೆಯಾಗಿ ಆಸ್ಪತ್ರೆಯಿಂದ ಶೆಡ್ಡಿಗೆ ಬಂದಳೆಂದು ಹಣಮಂತ ಬಂದು ಹೇಳಿದಾಗ ಹೊರಗೆ ಜಿಟಿಜಿಟಿ ಮಳೆ. ನಿಮ್ಮ ಮಗ ಮೊದಲು ಮಾಡಿದ ಕೆಲಸವೆಂದರೆ ಗೌಡರ ಮನೆಗೆ ಹೋಗಿ ಮೆಷಿನ್ ಮೇಲಿನ ಗೋಣಿಚೀಲ ತೆಗೆದದ್ದು. ಆಫೀಸಿಗೆ ರಜೆ ಹಾಕಿದರು. ವಿಜಯನಗರದ ಕಡೆ ಬಿದ್ದಿದ್ದ ಹೊಂಗೆಯ ದಿಮ್ಮಿಗಳನ್ನು ಗೂಡ್ಸ್ ಆಟೋದಲ್ಲಿ ತಂದರು. ಜೀವನದಲ್ಲಿ ಪೆನ್ನಿಗಿಂತ ಭಾರದ್ದನ್ನು ಎತ್ತದ ಮನುಷ್ಯ ಜಾಕಿ ಒತ್ತುತ್ತ ನಿಂತಿದ್ದನ್ನು ನೀವು ನೋಡಬೇಕಿತ್ತು. ಹೊಂಗೆಯ ಎಳೆ ತಿರುಚಿಕೊಂಡಿರುತ್ತದೆ, ಸುಲಭಕ್ಕೆ ಸೀಳುವುದಿಲ್ಲ. ಒಂದು ಸ್ಪ್ರಿಂಗ್ ಪಟ್ಟೆಂದು ಕಿತ್ತು ಗೋಡೆಗೆ ಬಡಿಯಿತು. "ಹಸಿ ಮರ ಸಾರ್, ಬುಡಿ, ಆಗಾಕಿಲ್ಲ" ಎಂದರು ಗೌಡರು. ನಿಮ್ಮ ಮಗ ಬಿಡಲಿಲ್ಲ. ಆ ಸಂಜೆಯೇ ಒಂದು ಹೊರೆ ಶೆಡ್ಡಿಗೆ ಮುಟ್ಟಿತು. ಹಚ್ಚಿದರೆ ಬರೀ ಹೊಗೆ. ತುದಿಯಲ್ಲಿ ನೊರೆ ಕುದಿಯಿತೇ ಹೊರತು ಉರಿ ಏಳಲಿಲ್ಲ. ಕೂಸು ಕೆಮ್ಮಿತು. ಹಣಮಂತ ಅದನ್ನು ಹೊರಗೆಳೆದು ನೀರು ಸುರಿದ.

ಮಾರನೆಯ ದಿನ ನಾನು ಗೀಸರ್ ಹಾಕಿ ಬಕೆಟ್ಟುಗಳಿಗೆ ನೀರು ತುಂಬಿದೆ. ನೀವು ಬೇಡ ಎಂದಿದ್ದನ್ನೇ. ಸೌದೆ ಸಾಗಿಸಲು ಗೌಡರು ಮೊಪೆಡ್ಡಿನ ಚಕ್ರ ಹಾಕಿ ಮಾಡಿದ್ದ ಗಾಡಿಯ ಮೇಲೆ ಬಕೆಟ್ಟಿಟ್ಟು, ತಟ್ಟೆ ಮುಚ್ಚಿ, ನಾನೂ ಲಲಿತಾ ಆಂಟಿಯೂ ಹಿಂದಿನ ರಸ್ತೆಗೆ ತಳ್ಳಿಕೊಂಡು ಹೋದೆವು. ಗುಂಡಿಗೊಮ್ಮೆ ನೀರು ಚೆಲ್ಲಿ ನಮ್ಮ ಸೀರೆಯೇ ಸ್ನಾನ ಮಾಡಿತು. "ಮನೆಗೇ ಬಂದ್ಬಿಡಮ್ಮ, ಬಚ್ಚಲಲ್ಲೇ ಮಾಡ್ಕೊಂಡು ಹೋಗು" ಎಂದು ಆಂಟಿ ಕರೆದರು. ಹಸಿ ಮೈಯಲ್ಲಿ ಮಳೆಗೆ ಹೊರಗೆ ಬರಲು ಅವಳು ಒಪ್ಪಲಿಲ್ಲ. ಬಕೆಟ್ಟುಗಳನ್ನು ಶೆಡ್ಡಿನ ಬಾಗಿಲಲ್ಲಿ ಇಳಿಸಿ, "ಆರೋಗುತ್ತೆ, ಬೇಗ ಹಾಕ್ಕೊಳಮ್ಮ" ಎಂದು ಹೇಳಿ ಇನ್ನೆರಡು ತರಲು ಓಡಿ ಬರುತ್ತಿದ್ದೆವು. ದಿನಾ ಹೀಗೇ. ನೀರು ತಂದದ್ದೇ ತಂದದ್ದು. ಒಣ ಸೌದೆಗಾಗಿ ನಿಮ್ಮ ಮಗ ಬಾಪೂಜಿ ನಗರದವರೆಗೂ ಕೇಳಿಕೊಂಡು ಬಂದರು. ನಮಗೆಲ್ಲ ಒಂದೇ ಚಿಂತೆ, ಸೌದೆ ಎಲ್ಲಿ, ಬಿಸಿ ನೀರು ಎಲ್ಲಿ.

ಒಂದು ಬೆಳಿಗ್ಗೆ ಗಾಡಿ ತಳ್ಳಿಕೊಂಡು ಹೋದರೆ ಶೆಡ್ಡಿನ ತಗಡುಗಳನ್ನು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ಇಲ್ಲಿಯ ಕೆಲಸ ಮುಗಿಯಿತು, ಕೆಂಗೇರಿ ಆಚೆ ಹೊಸ ಕಟ್ಟಡ ಎಂದರು. ನಿಂಗಮ್ಮ ಆಗಲೇ ಮೊದಲ ಲಾರಿಯಲ್ಲಿ ಹೋಗಿದ್ದಳು. ಹಸಿ ಬಾಣಂತಿ, ಲಾರಿಯ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಕೂಸು. ನಾವು ಬಿಸಿ ನೀರಿನ ಬಕೆಟ್ಟುಗಳ ಜೊತೆ ಅಲ್ಲೇ ನಿಂತಿದ್ದೆವು. ಆಂಟಿ ತಟ್ಟೆ ತೆಗೆದು ನೀರನ್ನು ರಸ್ತೆಗೆ ಚೆಲ್ಲಿಬಿಟ್ಟರು. ಹಬೆ ಎದ್ದಿತು. ಖಾಲಿ ಬಕೆಟ್ಟುಗಳ ಗಾಡಿ ತಳ್ಳಿಕೊಂಡು ಮನೆಗೆ ಬಂದೆವು.

ಆಮೇಲಿನ ಭಾನುವಾರಗಳಲ್ಲಿ ನಾವು ಯಾಕೆ ಒಡೆದೆವೋ ಗೊತ್ತಿಲ್ಲ. ನಿಂಗಮ್ಮ ಇರಲಿಲ್ಲ, ನೀವು ಇರಲಿಲ್ಲ. ಗೌಡರು ಹೊಸ ಸ್ಪ್ರಿಂಗ್ ಹಾಕಿದರು. ಕಾಫಿ ಮಾಡುವುದನ್ನು ಮಕ್ಕಳಿಗೆ ಬಿಟ್ಟು ನಾನು ಸೈಟಿನೊಳಕ್ಕೆ ಬಂದೆ. ಒಟ್ಟುವುದು ಈಗ ನನ್ನ ಕೆಲಸ. ಮೊದಮೊದಲು ಎರಡು ಸಲ ಒಟ್ಟು ಕುಸಿದು ನನ್ನ ಕಾಲ ಮೇಲೇ ಬಿತ್ತು. ದಪ್ಪ ತುದಿ, ಸಣ್ಣ ತುದಿ ಅದಲುಬದಲಾಗಿ ಇಡಬೇಕೆಂದು ಈಗ ಗೊತ್ತಾಗಿದೆ. ನೀವು ಹೇಳಿಕೊಡುತ್ತಿದ್ದಿರಿ, ನಾನು ಕೇಳಿದ್ದರೆ. ಆ ಹೊಂಗೆಯೂ ಬೇಸಿಗೆಯ ಬಿಸಿಲಿಗೆ ಒಣಗಿ ಬಂತು. ಗೌಡರು ಹಳೆಯ ಕಟ್ಟಡದ ವಾಚ್‌ಮನ್ನನ್ನು ಹಿಡಿದು ಮೇಸ್ತ್ರಿಯ ನಂಬರ್ ತೆಗೆದರು. ಮೇಸ್ತ್ರಿಯಿಂದ ಹಣಮಂತನ ಸುಳಿವು ಸಿಕ್ಕಿತು.

ಹೋದ ಭಾನುವಾರ ಗೂಡ್ಸ್ ಆಟೋದಲ್ಲಿ ಸೌದೆ ತುಂಬಿಸಿಕೊಂಡು ಕೆಂಗೇರಿ ಆಚೆ ಹೋದೆವು. ನಿಮ್ಮ ಮಗ, ಗೌಡರು, ನಾನು. ನಿಂಗಮ್ಮ ಶೆಡ್ಡಿನಿಂದ ಹೊರಗೆ ಬಂದವಳು ನಮ್ಮನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಸೊರಗಿದ್ದಾಳೆ. ನಡು ಹಿಡಿದುಕೊಂಡೇ ಬಗ್ಗುತ್ತಾಳೆ. ಕೂಸು ಗಟ್ಟಿಯಾಗಿದೆ, ಆಗಲೇ ಬೋರಲು ಬೀಳುತ್ತದೆ. ಗಂಡಸರು ಸೌದೆ ಇಳಿಸುವಾಗ ನಾನು ಅವಳ ಪಕ್ಕ ಕೂತು, ಇಷ್ಟು ದಿನ ಹೇಳದೆ ಉಳಿದದ್ದನ್ನು ಹೇಳಿದೆ. ನಿನ್ನ ಸೌದೆ ಹೀಗಾಯಿತು ನಿಂಗಮ್ಮ, ತಪ್ಪು ತಿಳೀಬೇಡ, ಯಾರಿಗೂ ಗೊತ್ತಾಗಲಿಲ್ಲ...

ಅವಳು ಒಲೆಗೆ ಎರಡು ಸೀಳು ಇಟ್ಟು ಊದಿದಳು. ಬೇಗ ಹತ್ತಿಕೊಂಡಿತು.

"ನನಗ ಅವತ್ತಽ ಗೊತ್ತಾತ್ರೀ ಅಕ್ಕಾ, ಊಟಕ್ಕ ಕುಂತಾಗ. ಬೇಜಾರ ಆಗಲಿಲ್ಲ. ಯವ್ವನಽ ಹೋದ ಮ್ಯಾಲ ಸೌದಿ ತಗೊಂಡ್ ಏನ್ ಮಾಡ್ಲಿ ಅನಸ್ತು."

"ನೀರು ತಂದ್ವಲ್ಲ ನಾವು. ಅದೂ ಸಾಲಲಿಲ್ಲ ಅಂತ ಗೊತ್ತು."

"ನೀರು ಬೇಕಾದಷ್ಟು ಇತ್ರೀ." ಅವಳು ಬೆಂಕಿಯನ್ನೇ ನೋಡುತ್ತಿದ್ದಳು. "ಹಾಕವರು ಇರಲಿಲ್ಲ. ಬೆನ್ನಿಗಿ ನಾನಽ ಹೆಂಗ ಹಾಕ್ಕೊಳ್ಳಿ? ಬಕೀಟು ಎತ್ತಾಕ ಆಗ್ತಿರಲಿಲ್ಲ. ನೀವು ಇಟ್ಟು ಓಡಿ ಹೋಗ್ತಿದ್ರಿ. ಅಕ್ಕಾರಿಗಿ ಏನೋ ಗಡಿಬಿಡಿ ಐತಿ ಅಂತ ನಾ ಕರೀಲಿಲ್ಲ."

ಅತ್ತೆ, ಲಲಿತಾ ಆಂಟಿ ಎರಡು ಹೆತ್ತವರು, ನಾನು ಎರಡು ಹೆತ್ತವಳು. ನನ್ನ ಎರಡೂ ಬಾಣಂತನದಲ್ಲಿ ನೀವು ನನ್ನ ಬೆನ್ನಿಗೆ ನೀರು ಹುಯ್ದಾಗ ಮೈಯೆಲ್ಲ ಸಡಿಲಾಗಿ ನಿದ್ದೆ ಬರುತ್ತಿದ್ದುದು ನನಗೆ ನೆನಪಿಲ್ಲವೇ? ನೀವು ಬಾಣಂತನ ಮಾಡುತ್ತೇನೆ ಎಂದಿದ್ದನ್ನು ನಾವೆಲ್ಲ ಸೌದೆ ಕೊಡುತ್ತೇನೆ ಎಂದು ಕೇಳಿಸಿಕೊಂಡೆವು. ಸೌದೆ ಸುಟ್ಟುಹೋಯಿತು ಎಂದು ಆರು ತಿಂಗಳು ಅಳುತ್ತ ಕಳೆದೆ. ಬಾಗಿಲಲ್ಲಿ ಬಕೆಟ್ಟಿಟ್ಟು ಒಳಗೆ ಹೋಗಿ ಒಂದು ಹತ್ತು ನಿಮಿಷ ಕೂರಲಿಲ್ಲ.

ಹಂಡೆಯ ನೀರು ಕಾಯುತ್ತಿತ್ತು. ಕೂಸಿಗೆ ನೀರು ಹಾಕುವ ಹೊತ್ತು ಎಂದು ಅವಳು ಏಳಹೋದಳು. "ಕೊಡು ಇಲ್ಲಿ" ಎಂದು ನಾನು ಕೈ ಚಾಚಿದೆ. ಸೀರೆ ಮೊಣಕಾಲಿಗೆ ಎತ್ತಿ ಕಲ್ಲಿನ ಮೇಲೆ ಕಾಲು ಚಾಚಿ ಕೂತೆ. ನನ್ನ ಮಕ್ಕಳಿಗೆ ನೀರು ಹಾಕಿದ್ದೆಲ್ಲ ನೀವೇ, ನನಗೆ ಬರುವುದಿಲ್ಲ. "ಕಾಲು ಜೋಡಸ್ರೀ ಅಕ್ಕಾ, ಸಂದ್ಯಾಗ ಜಾರ್ತದ" ಎಂದು ನಿಂಗಮ್ಮ ನಕ್ಕಳು. ಕೂಸು ಮೊದಲು ನನ್ನ ಕಾಲಿಗೆ ಉಚ್ಚೆ ಹೊಯ್ದಿತು, ಆಮೇಲೆ ಇಡೀ ಶೆಡ್ಡು ಕೇಳುವ ಹಾಗೆ ಅತ್ತಿತು, ಬೆನ್ನಿಗೆ ಬಿಸಿ ನೀರು ಬಿದ್ದ ಮೇಲೆ ಸುಮ್ಮನಾಯಿತು. ಹೆಣ್ಣು ಕೂಸು ಅತ್ತೆ. ನೀವು ಮೊದಲು ಕೇಳುತ್ತಿದ್ದುದೇ ಅದು, ನಾನು ಇಷ್ಟೆಲ್ಲ ಹೇಳಿ ಕೊನೆಗೆ ಹೇಳುತ್ತಿದ್ದೇನೆ. ಅದನ್ನು ಒರೆಸಿ ಮಲಗಿಸಿದ ಮೇಲೆ ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು. ಬಾಗಿಲಿಗೆ ಸೀರೆ ಕಟ್ಟಿ ನಿಂಗಮ್ಮನನ್ನು ಕೂರಿಸಿದೆ. ಬಾಣಂತನದ ಕಾಲ ಎಂದೋ ಮುಗಿದಿದೆ, ಈಗ ಹಾಕಿದರೆ ಆ ನಡುನೋವು ಹೋಗುವುದಿಲ್ಲ, ನನಗೂ ಗೊತ್ತು. ಆದರೂ ಚೊಂಬು ಚೊಂಬಾಗಿ ಬೆನ್ನಿಗೆ ಹಾಕಿದೆ. ಅವಳು ಮೊಣಕಾಲಿನ ಮೇಲೆ ಗಲ್ಲ ಊರಿ, ಕಣ್ಣು ಮುಚ್ಚಿ, ನೀರು ಮುಗಿಯುವವರೆಗೂ ಅಲುಗದೆ ಕೂತಿದ್ದಳು.

ಬರುವಾಗ ಪಕ್ಕದ ಶೆಡ್ಡಿನ ಹುಡುಗಿಯನ್ನು ನಿಂಗಮ್ಮ ತೋರಿಸಿದಳು. ಚೊಚ್ಚಲು. ದೀಪಾವಳಿಯ ಹೊತ್ತಿಗೆ ಆಗಬಹುದಂತೆ. ಊರಿಗೆ ಹೋಗುವ ಹಾಗೆ ಕಾಣುವುದಿಲ್ಲ. ನಾನು ಅವಳ ಹತ್ತಿರ ಹೋಗಿ ಹೆಸರು ಕೇಳಿ ಬಂದೆ, ಶರಣಮ್ಮ. ಸೌದೆಯನ್ನು ನಿಮ್ಮ ಮಗ, ಗೌಡರು ನೋಡಿಕೊಳ್ಳುತ್ತಾರೆ. ನಾನು ವಿಜಯನಗರದಲ್ಲಿ ಬೆಳಗಿನ ಮೆಟ್ರೋ ಹತ್ತಿದರೆ ನೀರು ಕಾಯುವ ಹೊತ್ತಿಗೆ ಅಲ್ಲಿರಬಹುದು. ದಿನಾ ಹೋಗುತ್ತೇನೆ ಅತ್ತೆ. ಒಳಗೆ ಹೋಗಿ ಕೂರುತ್ತೇನೆ.

ನಿಮ್ಮ ಸೊಸೆ,
ಸುಮಾ